ದೊರೆಸ್ವಾಮಿಗೆ ಕೊಟ್ಟ ನಾಲಿಗೆ

ಸತ್ತವನು ಕೋರ್ಟಿನಲ್ಲಿ ಮಾತಾಡಬೇಕಾದರೆ ಅವನಿಗೆ ನಾಲಿಗೆಯನ್ನು ಬದುಕಿರುವವರು ಕೊಡಬೇಕಿತ್ತು. ಕಾಯ್ದೆ ಹಾಗೆ ಹೇಳುತ್ತಿತ್ತು.

ದೊರೆಸ್ವಾಮಿ ತೊರೆಸಾಲು ಪಟ್ಟಣದ ಗುಜರಿ ಬೀದಿಯಲ್ಲಿ ಹಳೇ ಸ್ಕೂಟರುಗಳ ಬ್ಯಾಟರಿ ಕೊಂಡು, ಒಡೆದು, ಒಳಗಿನ ಲೋಹ ಮಾರಿ ಬದುಕುತ್ತಿದ್ದವನು. ಮೊಬೈಲ್ ಟವರಿನ ಬ್ಯಾಟರಿಗಳು ಕಳುವಾಗಿದ್ದವು. ಕದ್ದ ಮಾಲು ಕೊಂಡಿದ್ದಾನೆ ಎಂದು ಪೊಲೀಸರು ಒಂದು ಬೆಳಿಗ್ಗೆ ಅವನನ್ನು ಠಾಣೆಗೆ ಕರೆದೊಯ್ದರು. ಮಾರನೆಯ ದಿನ ಅವನು ಬಚ್ಚಲಲ್ಲಿ ಜಾರಿ ಬಿದ್ದು ಸತ್ತ ಎಂದರು. ಆ ಹೊತ್ತಿಗೆ ಕ್ಯಾಮೆರಾಗಳು ರಿಪೇರಿಯಲ್ಲಿದ್ದವು. ಈ ನಾಡಿನಲ್ಲಿ ಠಾಣೆಯ ಬಚ್ಚಲಿನಷ್ಟು ಜಾರುವ ಜಾಗ ಇನ್ನೊಂದಿಲ್ಲ. ಠಾಣೆಯ ಕ್ಯಾಮೆರಾದಷ್ಟು ಬೇಗ ಕೆಡುವ ಯಂತ್ರವೂ ಇನ್ನೊಂದಿಲ್ಲ.

ಇಂಥ ಸಾವುಗಳು ಹೆಚ್ಚಾಗಿ, ಜನ ಬೀದಿಗಿಳಿದು, ವರ್ಷಗಟ್ಟಲೆ ಕೂಗಿದ ಮೇಲೆ ಬಂದದ್ದು ಮೃತಸಾಕ್ಷಿ ಕಾಯ್ದೆ. ಠಾಣೆಯಲ್ಲಿ ಯಾರೇ ಸತ್ತರೂ ಮರಣೋತ್ತರ ಪರೀಕ್ಷೆಯ ಜೊತೆಗೇ ಅವರ ಮಿದುಳಿನಿಂದ ಕೊನೆಯ ದಿನಗಳ ನೆನಪಿನ ಅಚ್ಚು ತೆಗೆದಿಡಬೇಕು. ನ್ಯಾಯಾಲಯ ಅದನ್ನು ಸಾಕ್ಷಿಯಾಗಿ ಕೇಳಬಹುದು. ಆದರೆ ಸಿವಿಲ್ ದಾವೆಯಲ್ಲಿ ಮಾತ್ರ. ಕೊಲೆ ಮೊಕದ್ದಮೆಯಲ್ಲಿ ಸಾಕ್ಷಿ ಹೇಳುವವನು ಪ್ರಮಾಣ ಮಾಡಬೇಕು, ಸತ್ತವನು ಪ್ರಮಾಣ ಮಾಡಲಾರ ಎಂದು ದೊಡ್ಡ ದೊಡ್ಡ ವಕೀಲರು ವಾದಿಸಿ ಗೆದ್ದಿದ್ದರು. ಹೀಗಾಗಿ ಕೊಂದವನಿಗೆ ಶಿಕ್ಷೆ ಕೊಡಿಸಲು ಬಾಯಿಲ್ಲದ ಹೆಣಕ್ಕೆ, ಪರಿಹಾರ ಕೇಳಲು ಬಾಯಿ ಬಂತು. ಸಿವಿಲ್ ಕೋರ್ಟು ‘ಹೊಡೆದು ಸಾಯಿಸಿದರು’ ಎಂದು ಒಂದು ಸಾಲು ಬರೆದರೆ, ಆ ಸಾಲನ್ನು ಹಿಡಿದು ಮುಂದಿನ ಬಾಗಿಲು ತಟ್ಟಬಹುದಿತ್ತು. ದೊರೆಸ್ವಾಮಿಯ ಹೆಂಡತಿ ರಾಜಮಣಿಗೆ ಬೇಕಿದ್ದದ್ದು ಆ ಒಂದು ಸಾಲು.

ಮೃತಸಾಕ್ಷಿ ಕೇಂದ್ರದ ತಂಪು ಕೋಣೆಯಲ್ಲಿ ತಂತ್ರಜ್ಞೆ ಜೆಸಿಂತಾ ಅವಳಿಗೆ ಅಚ್ಚನ್ನು ತೋರಿಸಿದಳು. ಹೆಬ್ಬೆರಳಿನಷ್ಟು ಗಾಜಿನ ಕೊಳವೆ, ಒಳಗೆ ಗಂಜಿತಿಳಿಯಂಥ ಬಣ್ಣದ್ದೇನೋ.

“ಇಷ್ಟೇಯಾ?” ಎಂದಳು ರಾಜಮಣಿ. ಬದುಕಿದ್ದಾಗ ದೊರೆಸ್ವಾಮಿ ಬಾಗಿಲಿಗೆ ತಲೆ ತಗ್ಗಿಸಿ ಬರಬೇಕಿತ್ತು.

“ಇಷ್ಟೇ. ಇದರಲ್ಲಿ ಅವರು ನೋಡಿದ ಮುಖ ಉಂಟು, ವಾಸನೆ ಉಂಟು, ನೋವು ಉಂಟು. ಆದರೆ ನೋವು ಅನ್ನುವ ಶಬ್ದ ಇಲ್ಲ. ಶಬ್ದ ನೀವು ಕೊಡಬೇಕು.” ಜೆಸಿಂತಾ ಕರಾವಳಿಯವಳು, ಯಾವುದನ್ನೂ ನಿಧಾನವಾಗಿ ಹೇಳುವವಳು. “ಅವರು ಬದುಕಿದ್ದಾಗ ಆಡಿದ ಮಾತು ಎಷ್ಟು ರೆಕಾರ್ಡಾಗಿದೆಯೋ ಅಷ್ಟನ್ನೂ ತನ್ನಿ. ಅದರಿಂದ ನಾವು ಅವರು ಮಾತಾಡುವ ರೀತಿಯನ್ನು ಕಟ್ಟುತ್ತೇವೆ. ಇಲ್ಲಿ ಅದಕ್ಕೆ ನಾಲಿಗೆ ಅಂತೇವೆ. ಅಚ್ಚಿಗೆ ನಾಲಿಗೆ ಕೂಡಿಸಿ ಎಬ್ಬಿಸಿದರೆ ಅದು ಮಾತಾಡ್ತದೆ. ಒಮ್ಮೆ ಎಬ್ಬಿಸಿದರೆ ಮತ್ತೆ ಉಳಿಯುವುದಿಲ್ಲ, ನೀರಿಗೆ ಬಿದ್ದ ಉಪ್ಪಿನ ಹಾಗೆ ಕರಗಿಹೋಗ್ತದೆ. ಒಂದು ವಿಚಾರಣೆಗೆ ಸಾಕಾಗ್ತದೆ, ಅಷ್ಟೇ.”

“ಅವ್ರು ವಸಿ ಬಾಯಿ ಜೋರು ಮೇಡಂ.”

“ವಸಿ ಅಂದರೆ?”

“ವಸಿ ಅಂದ್ರೆ… ಅವ್ರು ಬತ್ತಾವ್ರೆ ಅಂದ್ರೆ ಬೀದಿ ನಾಯಿನೂ ಎದ್ದು ಜಾಗ ಬುಡ್ತಿತ್ತು. ಬೈಸ್ಕೊಳಕ್ಕೆ ಅದ್ಕೂ ಬೇಜಾರು.”

ಜೆಸಿಂತಾ ನಕ್ಕಳು. “ಒಳ್ಳೆಯದೇ ಆಯ್ತು. ಒಳ್ಳೆ ಮಾತು ಕೆಟ್ಟ ಮಾತು ಅಂತ ಆರಿಸಬೇಡಿ. ಎಲ್ಲ ತನ್ನಿ.”

* * *

ದೊರೆಸ್ವಾಮಿಗೆ ಫೋನಿನಲ್ಲಿ ಅಕ್ಷರ ಒತ್ತುವ ತಾಳ್ಮೆಯಿರಲಿಲ್ಲ. ಹೇಳಬೇಕಾದದ್ದನ್ನೆಲ್ಲ ಹೇಳಿಯೇ ಕಳಿಸುತ್ತಿದ್ದ. ಹೆಂಡತಿಗೆ, ಅವ್ವನಿಗೆ, ಗುಜರಿ ಬೀದಿಯವರ ಗುಂಪಿಗೆ ಹೀಗೆ ಕಳಿಸಿದ ವಾಯ್ಸ್ ಮೆಸೇಜುಗಳು ಮೂರು ಫೋನುಗಳಲ್ಲಿ ತುಂಬಿದ್ದವು. ಒಂದು ಭಾನುವಾರ ಅವರ ಒಂಟಿ ಕೋಣೆಯ ಮನೆಯಲ್ಲಿ ಮೂವರು ಅವನ್ನು ಮುಂದಿಟ್ಟುಕೊಂಡು ಕೂತರು. ರಾಜಮಣಿ, ದೊರೆಸ್ವಾಮಿಯ ಅವ್ವ ಕೆಂಪಾಜಿ, ಮತ್ತು ವಕೀಲ ಇಂದೂಧರ.

ಇಂದೂಧರ ಇದೇ ಊರಿನ ದಲಿತ ಕೇರಿಯವನು. ಟೈಲರ್ ಅಂಗಡಿಯ ಮಹಡಿಯಲ್ಲಿ ನಡೆಯುತ್ತಿದ್ದ ಓದು ಬಳಗದಲ್ಲಿ ಸಂವಿಧಾನ ಓದಿ, ಆಮೇಲೆ ಕಾನೂನು ಕಾಲೇಜಿಗೆ ಹೋದವನು. ದೊರೆಸ್ವಾಮಿ ಸತ್ತ ವಾರವೇ ಬಳಗದವರು ಪೋಸ್ಟರ್ ಹಚ್ಚಿದ್ದರು. ದೊರೆಸ್ವಾಮಿ ಬನಿಯನ್ನಿನಲ್ಲಿದ್ದ ಚಿತ್ರಕ್ಕೆ ಕಂಪ್ಯೂಟರಿನಲ್ಲಿ ಕಾಲರ್ ಅಂಗಿ ತೊಡಿಸಿ, ಕೆಳಗೆ ‘ಸೌಮ್ಯ ಸ್ವಭಾವದ ಶ್ರಮಜೀವಿ’ ಎಂದು ಬರೆಸಿದ್ದರು. ಕೆಂಪಾಜಿ ಅದನ್ನು ನೋಡಿ “ನಮ್ ದೊರೆ ಯಾವಾಗ್ ಬ್ಯಾಂಕಿಗ್ ಸೇರ್ಕಂಡ?” ಎಂದು ಕೇಳಿದ್ದಳು.

ಮೊದಲ ಮೆಸೇಜು ಒತ್ತಿದರು. ಕೋಣೆಯ ತುಂಬ ದೊರೆಸ್ವಾಮಿ ಎದ್ದು ನಿಂತ.

“ಲೇ ಮಣಿ, ಆ ಉಪ್ಪಿನಕಾಯಿ ಜಾಡಿ ಇವತ್ತೂ ಬಂದಿತ್ತು ಕಣೆ ಮಾಮೂಲಿಗೆ. ಬೋಳಿಮಗನಿಗೆ ಕುತ್ತಿಗೆನೇ ಇಲ್ಲ, ಭುಜದ್ ಮ್ಯಾಲೆ ಸೀದಾ ತಲೆ ಮಡಗಿ ಮುಚ್ಚಳ ಹಾಕವ್ರೆ. ಹಿಂದ್ಗಡೆ ಆ ಬಿಕ್ಕಳಿಕೆ ಬೇರೆ. ಲಾಠಿ ಎತ್ತದು, ಹಿಕ್ ಅನ್ನದು. ಲಾಠಿ ಎತ್ತದು, ಹಿಕ್ ಅನ್ನದು. ನಿನ್ನೆ ಕೊಟ್ಟಿವ್ನಲ್ಲ ಸ್ವಾಮಿ ಅಂದ್ರೆ ಕಪಾಳಕ್ಕೆ ಬಿಟ್ಟ ಕಣೆ. ಇವನ ಮನೆ ಎಕ್ಕುಟ್ಟೋಗ…”

ಕೆಂಪಾಜಿ ನಕ್ಕುಬಿಟ್ಟಳು. ನಗುತ್ತಲೇ ಸೆರಗು ಬಾಯಿಗೆ ಹೋಯಿತು. ಆಮೇಲೆ ಅದು ಕಣ್ಣಿಗೂ ಹೋಯಿತು.

“ಜಾಡಿ ಅಂದ್ರೆ ಇನ್ಸ್‌ಪೆಟ್ರು ಸಾರ್” ಎಂದಳು ರಾಜಮಣಿ. “ಬಿಕ್ಕಳಿಕೆ ಒಬ್ಬ ಪೇದೆ. ಇವ್ರು ಯಾರ್ನೂ ಹೆಸ್ರಿಡ್ದು ಕರೀತಿರ್ನಿಲ್ಲ. ನನ್ನೂ ಮದ್ವೆಯಾದ್ ಹೊಸ್ತ್ರಲ್ಲಿ ಕಟ್ಟಿರುವೆ ಅಂತಿದ್ರು.”

ಇಂದೂಧರ ನಗಲಿಲ್ಲ. “ಇದು ಬೇಡ” ಎಂದ.

“ಯಾಕ್ ಸಾರ್? ಕಪಾಳಕ್ಕ್ ಹೊಡ್ದದ್ದೂ ಅದೆ ಅದ್ರಲ್ಲಿ.”

“ನಾವು ಕೊಟ್ಟದ್ದೆಲ್ಲ ಸರ್ಕಾರದ ವಕೀಲರ ಕೈಗೂ ಹೋಗುತ್ತೆ ರಾಜಮಣಿ. ಈ ಮಾತು ಕೇಳಿಸಿ, ನೋಡಿ ಸ್ವಾಮಿ ಇವನಿಗೆ ಮೊದಲಿಂದಲೂ ಪೊಲೀಸರ ಮೇಲೆ ದ್ವೇಷ ಇತ್ತು, ಈಗ ಸತ್ತ ಮೇಲೂ ದ್ವೇಷದಿಂದಲೇ ಮಾತಾಡ್ತಾ ಇದಾನೆ ಅಂತಾರೆ. ಬಾಯಿಬಡುಕ, ಕುಡುಕ, ರೌಡಿ. ಅಲ್ಲಿಗೆ ಮುಗೀತು.”

“ಬೈಯೋನ್ನ ಸಾಯಿಸ್ಬೋದಾ ಸಾರ್?”

ಇಂದೂಧರ ಫೋನನ್ನು ಅವಳ ಕಡೆ ಸರಿಸಿದ. “ಸಾಯಿಸಬಾರದು. ಆದರೆ ನಮ್ಮೋರು ಸತ್ತರೆ ಹೇಗೆ ಸತ್ತ ಅಂತ ಯಾರೂ ಮೊದಲು ಕೇಳಲ್ಲ. ಎಂಥೋನು ಅಂತ ಕೇಳ್ತಾರೆ. ನಮ್ಮಪ್ಪ ಗೇಣಿ ಜಮೀನಿನ ಕೇಸಲ್ಲಿ ಮೇಜು ಗುದ್ದಿ ಮಾತಾಡಿದ. ಸತ್ಯವನ್ನೇ ಹೇಳಿದ, ಆದರೆ ಕೂಗಿ ಹೇಳಿದ. ಜಮೀನು ಹೋಯ್ತು. ಅವತ್ತಿಂದ ನಾನು ಕೋರ್ಟಿನಲ್ಲಿ ದನಿ ಎತ್ತಿಲ್ಲ.”

ಅವನು ಹೇಳಿದ್ದು ಸುಳ್ಳಲ್ಲ ಎನ್ನುವುದು ಆ ಕೋಣೆಯಲ್ಲಿದ್ದ ಮೂವರಿಗೂ ಗೊತ್ತಿತ್ತು. ಆಸ್ಪತ್ರೆಗೆ, ಕಚೇರಿಗೆ, ಸ್ಕೂಲಿಗೆ ಹೋಗುವಾಗ ಇರುವುದರಲ್ಲಿ ಒಳ್ಳೆಯ ಸೀರೆ ಉಟ್ಟು, ಇರುವುದರಲ್ಲಿ ತಗ್ಗಿದ ದನಿ ತೆಗೆಯುವುದನ್ನು ಅವರು ನಡೆಯಲು ಕಲಿತಷ್ಟೇ ಸಹಜವಾಗಿ ಕಲಿತಿದ್ದರು. ಒಳ್ಳೆಯವರೆಂದು ತೋರಿಸಿಕೊಂಡ ಮೇಲೆಯೇ ಮನುಷ್ಯರೆಂದು ಒಪ್ಪಿಸಿಕೊಳ್ಳಬೇಕಾದವರು ಸತ್ತವನಿಗೂ ಅದನ್ನೇ ಕಲಿಸಲು ಕೂತರು.

ರಾಜಮಣಿ ಗಾರ್ಮೆಂಟ್ಸಿನಲ್ಲಿ ಹೊಲಿದ ಅಂಗಿಗಳಿಂದ ಹೊರಗೆ ಇಣುಕುವ ದಾರಗಳನ್ನು ಕತ್ತರಿಸುವ ಕೆಲಸದವಳು. ಆ ದಿನವೂ ಅದನ್ನೇ ಮಾಡಿದಳು. ಜಾಡಿ ಹೋಯಿತು. ಬಿಕ್ಕಳಿಕೆ ಹೋಯಿತು. ಬಿಸಿಲಿಗೆ, ಕರೆಂಟಿಗೆ, ಮಂತ್ರಿಗೆ, ತನ್ನದೇ ತಳ್ಳುಗಾಡಿಯ ಚಕ್ರಕ್ಕೆ ಬೈದದ್ದು ಹೋಯಿತು. ಕುಡಿದು ಒಂದು ಸಂಜೆ ಅವಳಿಗೇ ಬೈದದ್ದೊಂದಿತ್ತು. ಅದನ್ನು ವಕೀಲನಿಗೆ ಕೇಳಿಸದೆ ತಾನೇ ಬದಿಗೆ ಸರಿಸಿದಳು. ಅದು ಹೋದ ಮೇಲೆ ಮಾರನೆಯ ಬೆಳಿಗ್ಗೆ ಅವನು ಕಳಿಸಿದ್ದಕ್ಕೂ ಅರ್ಥವಿರಲಿಲ್ಲ: “ಮಣಿ, ನಾಯಿ ನಾನು. ನನ್ ಬಾಯಿಗ್ ಬೆಂಕಿ ಹಾಕು. ಆದ್ರೆ ಬಾಗ್ಲು ತಗಿ.” ಅದೂ ಹೋಯಿತು.

ಉಳಿದದ್ದು: ಊಟ ಮಾಡಿದ್ಯಾ. ಅವ್ವಂಗೆ ಮಾತ್ರೆ ಕೊಟ್ಯಾ. ಏನಿಲ್ಲ ಬುಡು, ಬತ್ತೀನಿ. ಕಾಯ್ದೆ ಕೇಳುವಷ್ಟು ಉದ್ದ ಇದರಿಂದ ತುಂಬಲಿಲ್ಲ. ಆಗ ರೇಷನ್ ಕಚೇರಿಗೆ, ಗಿರಾಕಿಗಳಿಗೆ, ಮನೆ ಮಾಲೀಕನಿಗೆ ಮಾಡಿದ, ಫೋನಿನಲ್ಲಿ ತಾನಾಗಿ ರೆಕಾರ್ಡಾಗಿದ್ದ ಕರೆಗಳನ್ನು ಹುಡುಕಿ ಸೇರಿಸಿದರು. ಆಯ್ತು ಸ್ವಾಮಿ. ತಪ್ಪಾಯ್ತು ಸ್ವಾಮಿ. ನಾಳೆ ಬತ್ತೀನಿ ಸ್ವಾಮಿ.

ಕೆಂಪಾಜಿ ಗೋಡೆಗೊರಗಿ ಎಲ್ಲ ಕೇಳುತ್ತಿದ್ದವಳು ಕೊನೆಗೆ, “ಎಷ್ಟ್ ಒಳ್ಳೆ ಹುಡ್ಗ ಅಲ್ವಾ ನನ್ ಮಗ” ಎಂದಳು. ಸಂತೋಷಕ್ಕೆ ಹೇಳಿದಳೋ ಅನುಮಾನಕ್ಕೆ ಹೇಳಿದಳೋ ತಿಳಿಯಲಿಲ್ಲ.

* * *

ಕಟ್ಟಿದ ನಾಲಿಗೆಯನ್ನು ಕೋರ್ಟಿಗಾಗಿ ಸೀಲು ಮಾಡುವ ದಿನ ಕೇಂದ್ರದಲ್ಲಿ ಒಂದು ಸಣ್ಣ ಪರೀಕ್ಷೆ ನಡೆಯುತ್ತದೆ. ಅಚ್ಚನ್ನು ಪೂರ್ತಿ ಎಬ್ಬಿಸದೆ, ನಿದ್ದೆಯಲ್ಲಿರುವವರ ಹೆಗಲು ಮುಟ್ಟಿದಂತೆ ಮುಟ್ಟಿ ಒಂದೆರಡು ಮಾತು ಕೇಳುವುದು. ಜೆಸಿಂತಾ ಪರದೆಯನ್ನು ಅವರ ಕಡೆ ತಿರುಗಿಸಿದಳು. ಅದರ ಮೇಲೆ ಕೆಂಪು ಗೆರೆಯೊಂದು, ನೀಲಿ ಗೆರೆಯೊಂದು.

“ಕೆಂಪು ಅಚ್ಚು. ನೀಲಿ ನಾಲಿಗೆ. ಎರಡೂ ಜೊತೆಯಲ್ಲಿ ಹೋಗಬೇಕು, ಗಾಡಿಗೆ ಕಟ್ಟಿದ ಎತ್ತಿನ ಹಾಗೆ.” ಅವಳು ಮೈಕಿನ ಕಡೆ ಬಾಗಿದಳು. “ನಿಮ್ಮ ಹೆಸರು?”

“ದೊರೆಸ್ವಾಮಿ, ಸ್ವಾಮಿ.”

ರಾಜಮಣಿ ಕುರ್ಚಿಯ ತೋಳು ಹಿಡಿದುಕೊಂಡಳು. ಅದು ಅವನ ದನಿಯೇ. ರಾಗ ಕೂಡ ಅವನದೇ. ಆದರೆ ತೊಳೆದು ಇಸ್ತ್ರಿ ಮಾಡಿಟ್ಟ ಹಾಗಿತ್ತು.

“ಈಗ ಎಲ್ಲಿದ್ದೀರಿ?”

ಕೆಂಪು ಗೆರೆ ಸರ್ರನೆ ಮೇಲೆದ್ದಿತು. ನೀಲಿ ಅಲುಗಲಿಲ್ಲ. ಸ್ಪೀಕರಿನಿಂದ ಜೇನು ಪೆಟ್ಟಿಗೆಗೆ ಕಿವಿ ಇಟ್ಟಂಥ ಗುಂಯ್ ಸದ್ದು ಬಂತು. ಆಮೇಲೆ, “ಏನಿಲ್ಲ ಸ್ವಾಮಿ.”

ಜೆಸಿಂತಾ ಗುಂಡಿ ಒತ್ತಿ ನಿಲ್ಲಿಸಿದಳು. ಅವಳ ಮುಖದಲ್ಲಿ ನಗುವಿರಲಿಲ್ಲ. “ಒಳಗಿಂದ ಏನೋ ಗುದ್ತಾ ಉಂಟು. ಹೊರಗೆ ಬರಲಿಕ್ಕೆ ಬಾಗಿಲು ಸಿಗ್ತಾ ಇಲ್ಲ. ನೀವು ಕೊಟ್ಟದ್ದರಲ್ಲಿ ಒಂದೇ ಒಂದು ಸಿಟ್ಟಿನ ಮಾತಿಲ್ಲ. ಇಷ್ಟು ಒಳ್ಳೆಯವರು ಎಲ್ಲಿಯೂ ಇರುವುದಿಲ್ಲ ಮಾರಾಯ್ರೆ. ಇನ್ನೇನಾದರೂ ಇದ್ದರೆ ಈಗ ಕೊಡಿ. ಸೀಲಾದ ಮೇಲೆ ಒಂದಕ್ಷರವೂ ಸೇರಿಸಲಿಕ್ಕೆ ಆಗುವುದಿಲ್ಲ.”

ರಾಜಮಣಿಯ ಫೋನು ಅವಳ ಬ್ಲೌಸಿನೊಳಗಿನ ಪರ್ಸಿನಲ್ಲಿತ್ತು. ಅವಳು ಇಂದೂಧರನನ್ನು ನೋಡಿದಳು. ಅವನು ಕೆಂಪು ಗೆರೆ ನಿಂತ ಜಾಗವನ್ನೇ ನೋಡುತ್ತಿದ್ದ. ಒಂದು ಗಳಿಗೆ ಅವನ ಬಾಯಿ ತೆರೆಯಿತು. ಆಮೇಲೆ “ಅಷ್ಟೇ ಇರೋದು” ಎಂದ.

“ಅಷ್ಟೇಯ” ಎಂದಳು ರಾಜಮಣಿಯೂ.

* * *

ಕೋರ್ಟಿನ ಜವಾನ ಅಭ್ಯಾಸ ಬಲದಿಂದ ಕಾರಿಡಾರಿಗೆ ಬಂದು “ದೊರೆಸ್ವಾಮಿ ಬಿನ್ ಮಾದಯ್ಯ” ಎಂದು ಮೂರು ಸಲ ಕೂಗಿದ. ಮೂರನೆಯ ಸಲಕ್ಕೆ ನೆನಪಾಗಿ ನಾಲಿಗೆ ಕಚ್ಚಿಕೊಂಡ. ಹೊರಗೆ ಬೆಂಚಿನ ಮೇಲಿದ್ದ ಯಾರೋ “ಎಲ್ಲಿಗ್ ಕೇಳ್ಬೇಕೋ ಅಲ್ಲಿಗ್ ಕೇಳ್ತು ಬುಡಣ್ಣ” ಎಂದರು.

ಸಾಕ್ಷಿ ಕಟಕಟೆಯಲ್ಲಿ ಒಂದು ಸ್ಟೂಲು, ಸ್ಟೂಲಿನ ಮೇಲೆ ರೇಡಿಯೋದಷ್ಟು ದೊಡ್ಡ ಪೆಟ್ಟಿಗೆ, ಪಕ್ಕದಲ್ಲಿ ಅದೇ ಎರಡು ಗೆರೆಗಳ ಪರದೆ. ಸತ್ತವನ ಬದಲು ಜೆಸಿಂತಾ ಪ್ರಮಾಣ ಮಾಡಿದಳು, ಯಂತ್ರ ಸರಿಯಾಗಿದೆ ಎಂದು. ಹಿಂದಿನ ಸಾಲಿನಲ್ಲಿ ಇನ್ಸ್‌ಪೆಕ್ಟರು ಸಾದಾ ಉಡುಪಿನಲ್ಲಿ ಕೂತಿದ್ದ. ಕುತ್ತಿಗೆ ಇರಲಿಲ್ಲ.

ಸರ್ಕಾರದ ಪರ ವಕೀಲರು ವಯಸ್ಸಾದವರು, ಮೆದು ಮಾತಿನವರು. ಕೊಟ್ಟ ರೆಕಾರ್ಡುಗಳನ್ನೆಲ್ಲ ಕೂತು ಕೇಳಿ ಬಂದಿದ್ದರು. ಈ ನಾಲಿಗೆಗೆ ಎಷ್ಟು ಬಾಗಿಲುಗಳಿವೆ, ಅವು ಯಾರು ತಟ್ಟಿದರೆ ತೆರೆಯುತ್ತವೆ ಎಂದು ಅವರಿಗೆ ತಿಳಿದಿತ್ತು. ಕಚೇರಿಯಲ್ಲಿ ಕಾಗದ ಕೇಳುವ ಸಾಹೇಬರ ದನಿಯಲ್ಲಿ ಶುರುಮಾಡಿದರು.

“ಏನಪ್ಪ ದೊರೆಸ್ವಾಮಿ, ಊಟ ಆಯ್ತಾ?”

“ಆಯ್ತು ಸ್ವಾಮಿ. ತಮ್ದಾಯ್ತಾ?”

ಕೋರ್ಟು ನಕ್ಕಿತು. ನ್ಯಾಯಾಧೀಶರ ತುಟಿಯೂ ಸಡಿಲವಾಯಿತು. ಎಷ್ಟು ಮರ್ಯಾದಸ್ಥ ಮನುಷ್ಯ ಎಂದು ಅವರಿಗೆ ಅನ್ನಿಸಿದ್ದು ಮುಖದಲ್ಲಿ ಕಾಣುತ್ತಿತ್ತು. ಇಂದೂಧರನಿಗೆ ಬೇಕಿದ್ದದ್ದು ಅದೇ. ಅವನು ರಾಜಮಣಿಯ ಕಡೆ ತಿರುಗಿ ತಲೆಯಾಡಿಸಿದ.

“ಪೊಲೀಸ್ನೋರು ನಿನ್ನ ಠಾಣೆಗೆ ಕರ್ಕೊಂಡು ಹೋದ್ರಲ್ಲ. ಹೆಂಗ್ ನೋಡ್ಕೊಂಡ್ರಪ್ಪ?”

ಪರದೆಯ ಮೇಲೆ ಕೆಂಪು ಗೆರೆ ಚಿಮ್ಮಿ ಮೇಲಿನ ಅಂಚಿಗೆ ಬಡಿಯಿತು. ಗುಂಯ್ ಸದ್ದು ಬಂತು.

“ಏನಿಲ್ಲ ಸ್ವಾಮಿ.”

“ಯಾರಾದ್ರೂ ಹೊಡೆದ್ರಾ?”

ಗುಂಯ್ ಸದ್ದು ಈ ಸಲ ತುಂಬ ಹೊತ್ತು ಬಂತು. ಕೆಂಪು ಗೆರೆ ಅಂಚಿನಲ್ಲೇ ನಡುಗುತ್ತಿತ್ತು. ನೀಲಿ ಗೆರೆ ಒಂದು ಸಲ ಎದ್ದಿತು, ಬಿದ್ದಿತು, ಮತ್ತೆ ಎದ್ದಿತು. ಕತ್ತಲ ಮನೆಯಲ್ಲಿ ಬೆಂಕಿಪೊಟ್ಟಣ ತಡಕುವವನ ಹಾಗೆ ಅದು ಒಳಗೆಲ್ಲ ತಡಕಾಡಿ ಕೈಗೆ ಸಿಕ್ಕಿದ್ದನ್ನು ಹಿಡಿದುಕೊಂಡು ಬಂತು.

“ಏನಿಲ್ಲ ಬುಡಿ ಸ್ವಾಮಿ… ತಪ್ಪಾಯ್ತು ಸ್ವಾಮಿ.”

“ಬಚ್ಚಲಲ್ಲಿ ಬಿದ್ಯಾ?”

“ಬಿದ್ದೆ ಸ್ವಾಮಿ.”

“ಇಷ್ಟು ಸಾಕು” ಎಂದು ಅವರು ಕೂತರು.

ಇಂದೂಧರ ಎದ್ದು ನಿಂತ. “ದೊರೆಸ್ವಾಮಿಯವರೇ, ನಿಮ್ಮನ್ನ ಬೀಳಿಸಿದ್ದು ಯಾರು?”

“ಅದು… ಅವ್ರು…”

“ಯಾರು? ಹೆಸರು ಹೇಳಿ.”

“ಅವ್ರು… ಅವ್ರು…” ಗುಂಯ್. “ಗೊತ್ತಿಲ್ಲ ಸ್ವಾಮಿ.”

ಗೊತ್ತಿಲ್ಲದೆ ಏನು. ಆ ಗಾಜಿನ ಕೊಳವೆಯೊಳಗೆ ಕುತ್ತಿಗೆಯಿಲ್ಲದ ಒಂದು ಮುಖವಿತ್ತು, ಲಾಠಿ ಎತ್ತಿದಾಗಲೆಲ್ಲ ಬರುವ ಒಂದು ಬಿಕ್ಕಳಿಕೆಯಿತ್ತು. ದೊರೆಸ್ವಾಮಿಯ ಬದುಕಿನಲ್ಲಿ ಅವರಿಗೆ ಬೇರೆ ಹೆಸರಿರಲಿಲ್ಲ. ಎದೆಯ ಮೇಲಿನ ಹೆಸರಿನ ಪಟ್ಟಿಯನ್ನು ಅವನು ಎಂದೂ ಓದಿದವನಲ್ಲ. ಅವನಿಟ್ಟ ಹೆಸರುಗಳು ‘ಬೇಡ’ ಎಂದು ಸರಿಸಿದ್ದರ ಜೊತೆಗೆ ಹೋಗಿದ್ದವು. ಇಂದೂಧರನಿಗೆ ಇದು ಹೊಳೆದದ್ದು ಅಲ್ಲಿ, ಎಲ್ಲರೆದುರು, ನಿಂತ ಕಾಲ ಮೇಲೆ.

“ಉಪ್ಪಿನಕಾಯಿ ಜಾಡಿ ಅಂತ ನೀವು ಯಾರನ್ನ ಕರೀತಿದ್ರಿ?” ಎಂದ ಅವನು ಅವಸರವಾಗಿ.

ಸರ್ಕಾರದ ವಕೀಲರು ಅರ್ಧ ಎದ್ದರು. “ಮೃತರ ವಾಣಿಯಲ್ಲಿ ಇಲ್ಲದ ಮಾತನ್ನು ಅವರ ಬಾಯಿಗೆ ತುರುಕ್ತಾ ಇದಾರೆ. ಕಾಯ್ದೆ ಒಪ್ಪಲ್ಲ.”

“ಆ ಪ್ರಶ್ನೆ ಬೇಡ” ಎಂದರು ನ್ಯಾಯಾಧೀಶರು.

ಬೇಡ. ತಾನು ಆ ಭಾನುವಾರ ಎಷ್ಟು ಸಲ ಆ ಮಾತು ಹೇಳಿದೆ ಎಂದು ಇಂದೂಧರನಿಗೆ ಲೆಕ್ಕವಿರಲಿಲ್ಲ.

ಕೆಂಪು ಗೆರೆ ಇಳಿಯತೊಡಗಿತ್ತು. ಜೆಸಿಂತಾ ಅದರ ಮೇಲೆ ಕಣ್ಣಿಟ್ಟು ರಾಜಮಣಿಯ ಕಡೆ ಒಮ್ಮೆ ನೋಡಿದಳು. ರಾಜಮಣಿ ಎದ್ದು ನಿಂತಳು. ಜವಾನ ಕೂರಿ ಎಂದು ಸನ್ನೆ ಮಾಡಿದ. ಅವಳು ಕೂರಲಿಲ್ಲ.

“ಬೈಯಿ” ಎಂದಳು ಪೆಟ್ಟಿಗೆಗೆ. ದನಿ ಎತ್ತರಿಸಿರಲಿಲ್ಲ. “ಬೈಯಿ ಮಾರಾಯ. ಅವ್ರ್ ಮನೆ ಹಾಳಾಗ ಅನ್ನು. ನನ್ನಾದ್ರೂ ಬೈಯಿ. ನಾನೇ ಹೇಳ್ತಿವ್ನಿ, ಯಾರೂ ಏನೂ ಅನ್ಕಳಲ್ಲ. ಬೈಯಿ.”

ಅವಳ ದನಿ ಗುರುತು ಸಿಕ್ಕಿತೋ ಏನೋ, ಕೆಂಪು ಗೆರೆ ಕೊನೆಯ ಸಲ ಒದ್ದುಕೊಂಡು ಎದ್ದಿತು. ಹೆಂಡತಿಯ ಕಡೆಗಿದ್ದ ಬಾಗಿಲು ಯಾವುದೋ ಅದು ತೆರೆಯಿತು.

“ಮಣಿ, ಊಟ ಮಾಡಿದ್ಯಾ?”

ಆಮೇಲೆ ಎರಡೂ ಗೆರೆಗಳು ಮಲಗಿದವು. “ಮುಗೀತು” ಎಂದಳು ಜೆಸಿಂತಾ, ಯಾರಿಗೆಂದಲ್ಲ.

ಹೊರಗೆ ಹುಣಸೆ ಮರದ ಕೆಳಗೆ ಕೆಂಪಾಜಿ ಸೊಸೆಯ ಕೈ ಹಿಡಿದು ಕೇಳಿದಳು. “ಅದ್ಯಾರಮ್ಮಿ ಅದು, ಅಲ್ಲಿ ಪೆಟ್ಗೆಲಿ ಮಾತಾಡಿದ್ದು? ನನ್ ಮಗಂದೇ ಗಂಟ್ಲು. ಆದ್ರೆ ನನ್ ಮಗ ಅಲ್ಲ. ಯಾರ್ನ ಕೂರ್ಸಿದ್ರಿ ಅಲ್ಲಿ?”

* * *

ತೀರ್ಪು ಬಂತು. ಮೃತರು ತಮ್ಮ ಸ್ವಂತ ವಾಣಿಯಲ್ಲಿಯೇ ಹಲ್ಲೆಯನ್ನು ನಿರಾಕರಿಸಿ, ಬಿದ್ದಿರುವುದನ್ನು ಒಪ್ಪಿಕೊಂಡಿರುತ್ತಾರೆ. ಮೃತರ ಸೌಜನ್ಯಯುತ ನಡವಳಿಕೆಯನ್ನು ಗಮನಿಸಿದರೆ ಅವರು ಸುಳ್ಳು ಹೇಳುತ್ತಾರೆಂದು ನಂಬಲು ಕಾರಣವಿರುವುದಿಲ್ಲ. ಬಚ್ಚಲಿನ ನೆಲದ ನಿರ್ವಹಣೆಯಲ್ಲಿ ಲೋಪವಿರುವುದರಿಂದ ಕುಟುಂಬಕ್ಕೆ ಅಲ್ಪ ಪರಿಹಾರ ಕೊಡತಕ್ಕದ್ದು. ಜಿಲ್ಲೆಯ ಎಲ್ಲ ಠಾಣೆಗಳ ಬಚ್ಚಲುಗಳಿಗೆ ಜಾರದಂಥ ಟೈಲ್ಸ್ ಹಾಕಿಸತಕ್ಕದ್ದು.

ಟೈಲ್ಸ್ ಹಾಕಿಸಿದರು. ಬೇಗನೆ ಹಾಕಿಸಿದರು. ಅದರ ಉದ್ಘಾಟನೆಯೂ ಆಯಿತು.

ಇಂದೂಧರ ಮನೆಗೆ ಬಂದು ಬಾಗಿಲ ಹೊರಗೇ ನಿಂತ. ಓದು ಬಳಗದಲ್ಲಿ ಅವನು ಎಂಥೆಂಥ ಭಾಷಣ ಮಾಡಿದ್ದವನು. ಈಗ ಚಪ್ಪಲಿ ಬಿಡುವುದೋ ಬೇಡವೋ ಎಂದು ಕಾಲು ನೋಡಿಕೊಂಡಿದ್ದ. “ತಪ್ಪು ನಂದು ರಾಜಮಣಿ. ಅವನಿಗೆ ನಾನು ಅಂಗಿ ತೊಡಿಸಿದೆ, ಆಮೇಲೆ ಆ ಅಂಗಿಯನ್ನೇ ಅವನ ಬಾಯಿಗೆ ತುರುಕಿದೆ.”

“ನೀವ್ ಹೇಳಿದ್ರಿ. ಫೋನ್ ಇದ್ದದ್ದು ನನ್ ಹತ್ರ” ಎಂದಳು ರಾಜಮಣಿ. “ಆ ಮೇಡಂ ಇನ್ನೇನಾರ ಇದ್ದದಾ ಅಂತ ಕೇಳಿದಾಗ ಅದು ನನ್ ಎದೆ ಮ್ಯಾಲೆ ಇತ್ತು ಸಾರ್. ಅವ್ರು ನನ್ ಬೈದಿದ್ನ ಊರೋರು ಕೇಳ್ಬುಟ್ಟಾರು ಅಂತ ನಂಗೆ ನಾಚ್ಕೆ. ಬೈದ್ರೂ ನನ್ ಗಂಡ್ನೇ ಬೈದದ್ದು. ನಾಚ್ಕೆ ಪಟ್ಕೊಂಡು ಏನ್ ಉಳಿಸ್ಕೊಂಡೆ ನಾನು?”

ಒಳಗಿನಿಂದ ಕೆಂಪಾಜಿ, “ನಿಂತೇ ಯಾಕ್ ಅಳ್ತಿಯಪ್ಪ ಲಾಯರ್ರೆ, ಕೂತ್ಕಂಡ್ ಅಳು, ಟೀ ಕಾಯಿಸ್ತೀನಿ” ಎಂದಳು.

ಕೆಲವು ದಿನಗಳ ಮೇಲೆ ಜೆಸಿಂತಾ ಫೋನು ಮಾಡಿದಳು. ಅವಳಿಗೂ ನಿದ್ದೆ ಇರಲಿಲ್ಲವಂತೆ. ಉಳಿದ ಮೆಸೇಜುಗಳನ್ನೆಲ್ಲ ಕೊಟ್ಟರೆ ಪೂರ್ತಿ ನಾಲಿಗೆ ಕಟ್ಟಿಕೊಡುತ್ತೇನೆ, ಕೋರ್ಟಿಗಲ್ಲ, ಮನೆಗೆ. ಬೈಗುಳ ಸಮೇತ ಮಾತಾಡುತ್ತದೆ ಎಂದಳು.

“ಅವ್ರಿಗೆ ಏನಾಯ್ತು ಅಂತ ಅದ್ಕೆ ಗೊತ್ತಿರ್ತದಾ?”

“ಇಲ್ಲ. ಅಚ್ಚು ಇಲ್ಲವಲ್ಲ. ಬರೀ ಮಾತು.”

“ಬ್ಯಾಡಿ ಮೇಡಂ” ಎಂದಳು ರಾಜಮಣಿ. “ಗೊತ್ತಿದ್ದಾಗ ಬಾಯಿರ್ನಿಲ್ಲ. ಏನೂ ಗೊತ್ತಿಲ್ದಿರೋ ಬಾಯಿ ಮಡಿಕಂಡು ಏನ್ ಮಾಡ್ಲಿ. ಅ‍ಂಥವು ಊರ್ ತುಂಬ ಅವೆ.”

ಜೆಸಿಂತಾ ಫೋನು ಇಡುವ ಮೊದಲು ಹೇಳಬಾರದ ಒಂದು ಮಾತು ಹೇಳಿದಳು. ಹೊಳೆಯಾಚೆಯ ಊರಿನಿಂದ ಇನ್ನೊಂದು ಅಚ್ಚು ಬಂದಿದೆ. ಆಟೋ ಓಡಿಸುತ್ತಿದ್ದ ಹುಡುಗ. ಮನೆಯವರು ಇನ್ನೂ ದನಿ ಕೊಟ್ಟಿಲ್ಲ.

ರಾಜಮಣಿ ಗಾರ್ಮೆಂಟ್ಸಿಗೆ ರಜೆ ಹೇಳಿ ಬಸ್ಸು ಹತ್ತಿದಳು.

ಆ ಮನೆಯ ಜಗಲಿಯಲ್ಲಿ ನೆಂಟರಿದ್ದರು, ಊರಿನ ಹಿರಿಯರಿದ್ದರು, ಸಂಘದವರೂ ಇದ್ದರು. ಎಲ್ಲರೂ ಹುಡುಗನ ಗುಣ ಹೊಗಳುತ್ತಿದ್ದರು. ಇರುವೆಯನ್ನೂ ನೋಯಿಸಿದವನಲ್ಲವಂತೆ. ಒಳಗೆ ಅಡುಗೆ ಒಲೆಯ ಹತ್ತಿರ ಅವನ ತಂಗಿ ಕೂತಿದ್ದಳು. ಹೆಸರು ಯಶೋದಿ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸು. ಮಡಿಲಲ್ಲಿ ಅಣ್ಣನ ಫೋನಿತ್ತು. ರಾಜಮಣಿ ಪಕ್ಕದಲ್ಲಿ ಕೂತು ತಾನು ಯಾರು, ಯಾಕೆ ಬಂದೆ, ತನ್ನ ಗಂಡ ಕೋರ್ಟಿನಲ್ಲಿ ಏನು ಹೇಳಿದ ಎಲ್ಲವನ್ನೂ ಹೇಳಿದಳು. ಎಲ್ಲಾನೂ ಕೊಡು ಎಂದಳು. ಒಂದೂ ತೆಗೀಬೇಡ.

ಹುಡುಗಿ ತಲೆ ಎತ್ತಲಿಲ್ಲ. “ಎಲ್ಲಾನೂ ಕೊಡಕ್ಕೆ ಆಗಲ್ಲಕ್ಕ. ನಮ್ಮಣ್ಣ ಬಾಯಿ ಬುಟ್ರೆ… ಕೇಳಕ್ಕಾಗಲ್ಲ. ಹೊರ್ಗಡೆ ಎಲ್ಲಾರೂ ಏನೇನೋ ಅಂತಾವ್ರೆ, ಅವ್ನ್ ಹಂಗಿರ್ನಿಲ್ಲ.”

“ಹೆಂಗಿದ್ದ?”

ಹುಡುಗಿ ಮಡಿಲಿನ ಫೋನನ್ನು ಮಗುಚಿ ಹಾಕಿದಳು.

“ಒಂದ್ ಬೈಗುಳ ಹೇಳು, ನಿಮ್ಮಣ್ಣಂದು.”

ಹುಡುಗಿ ಗಾಬರಿಯಿಂದ ಜಗಲಿಯ ಕಡೆ ನೋಡಿದಳು. ಅಲ್ಲಿ ಹಿರಿಯರೊಬ್ಬರು ಇನ್ನೂ ಇರುವೆಯ ಕತೆ ಹೇಳುತ್ತಿದ್ದರು. ಅವಳು ರಾಜಮಣಿಯ ಕಿವಿಯ ಹತ್ತಿರ ಬಾಗಿ, ಅಣ್ಣನ ಹಾಗೆಯೇ ಮೂಗು ಸೊಟ್ಟ ಮಾಡಿ, ಒಂದು ಮಾತು ಹೇಳಿದಳು. ಅಂಥ ಮಾತನ್ನು ರಾಜಮಣಿ ಗುಜರಿ ಬೀದಿಯಲ್ಲೂ ಕೇಳಿರಲಿಲ್ಲ. ಹೇಳಿದ ಮೇಲೆ ಹುಡುಗಿಗೆ ನಗು ಬಂತು, ತಡೆಯಲಾರದೆ ಬಂತು, ಅಣ್ಣ ಹೋದ ಮೇಲೆ ಮೊದಲ ಸಲ.

“ಇನ್ನೊಂದ್ ಹೇಳು” ಎಂದಳು ರಾಜಮಣಿ, ಕಣ್ಣೊರೆಸಿಕೊಳ್ಳುತ್ತ.